ಗಿಟಾರಿನ ವರ್ಧಕ: ಹೆಡ್ಡೋ, ರ್ಯಾಕೋ?

ಗಣೇಶನ ಹಬ್ಬ ಕಳೆದು ವಾರಗಳಾದರೂ ತಿಪಟೂರಿನ ಸುತ್ತಮುತ್ತ ಸಂಗೀತದ ಸಡಗರ ತೀರುವುದಿಲ್ಲ. ಇಂದು ಈ ಊರಿನ ಗಣಪತಿ, ನಾಳೆ ಆ ಊರಿನದು; ಅದು ಮುಗಿಯಿತೆನ್ನುವಷ್ಟರಲ್ಲಿ ರಾಜ್ಯೋತ್ಸವ; ಅನಂತರ ಜಾತ್ರೆಗಳ ಕಾಲ. ಹಾರ್ಮೋನಿಯಂ ಜೊತೆಯಲ್ಲಿ ರಾತ್ರಿಯೆಲ್ಲ ನಡೆಯುವ ಪೌರಾಣಿಕ ನಾಟಕಗಳ ಪಕ್ಕದಲ್ಲಿಯೇ ವಾದ್ಯಗೋಷ್ಠಿಗಳೂ ಈಗ ಬೇರೂರಿವೆ. ಇಂತಹ ಗೋಷ್ಠಿಯಲ್ಲಿ ವಿದ್ಯುತ್ ಗಿಟಾರನ್ನು ಕೊರಳಿಗೆ ತೂಗುಹಾಕಿಕೊಂಡು ನಿಂತ ತರುಣನನ್ನು ವಾಚಕರು ಕಂಡಿರಬಹುದು. ಅವನು ಮಿಡಿದ ಸ್ವರ ವೀಣೆಯ ಸ್ವರದಂತೆ ಮಿಡಿದೊಡನೆ ಕ್ಷೀಣಿಸತೊಡಗುವುದಿಲ್ಲ. ಗರಗಸದಂತೆ ಕೊರೆಯುತ್ತ, ಶಹನಾಯಿಯಂತೆ ಎಡೆಬಿಡದೆ ನಿಲ್ಲುತ್ತದೆ. ಈ ನಾದದ ಬಹುಪಾಲು ಹುಟ್ಟುವುದು ಗಿಟಾರಿನಲ್ಲಿ ಅಲ್ಲ, ಅದರ ಹಿಂದಿರುವ ವರ್ಧಕದಲ್ಲಿ.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನಿಗೆ ಇಂತಹದೊಂದು ವರ್ಧಕ ಬೇಕಾಯಿತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೋಟದ ಮನೆಯ ಹುಡುಗ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಯಲ್ಲಿ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ತಂದೆ ಕೊಡಲೊಪ್ಪಿದ್ದರು. ಎರಡನೆಯ ಸಲ ಕೊಡುವಂತಿರಲಿಲ್ಲ. ಊರಿನ ರೇಡಿಯೋ ರಿಪೇರಿಗಾರರೊಬ್ಬರು ಒಂದೇ ನಕ್ಷೆಯಂತೆ ಎರಡು ಬಗೆಯಾಗಿ ವರ್ಧಕವನ್ನು ಕಟ್ಟಿಕೊಡಬಲ್ಲವರಾಗಿದ್ದರು: ಒಂದು, ಮರದ ಪೆಟ್ಟಿಗೆಯಲ್ಲಿ ಧ್ವನಿವರ್ಧಕದ ತಲೆಯ ಮೇಲೆ ಕುಳಿತುಕೊಳ್ಳುವ ಹೆಡ್ಡು, ಇನ್ನೊಂದು, ಉಕ್ಕಿನ ಚೌಕಟ್ಟಿಗೆ ತಿರುಪಿನಿಂದ ಬಿಗಿಯುವ ರ್ಯಾಕು. ಯಾವುದು ಮೇಲೆಂದು ಹುಡುಗ ಕೇಳಿದ. ನಕ್ಷೆಯನ್ನು ನೋಡಿ, ಎರಡೂ ಒಂದೇ ಎಂದು ನಾವು ಹೇಳಿಬಿಟ್ಟೆವು. ಅವನು ಚಿತ್ರಗಳಲ್ಲಿ ಕಂಡು ಮೆಚ್ಚಿದ್ದ ರ್ಯಾಕನ್ನೇ ಮಾಡಿಸಿಕೊಂಡ. ನಮ್ಮ ಉತ್ತರದಲ್ಲಿ ಎಷ್ಟು ದಿಟವಿತ್ತು, ಎಷ್ಟು ತಪ್ಪಿತ್ತು ಎಂಬುದೇ ಈ ಲೇಖನದ ವಿಷಯ.

ಮೊದಲು ವರ್ಧಕದ ಕೆಲಸವನ್ನು ತಿಳಿಯೋಣ. ಗಿಟಾರಿನ ಉಕ್ಕಿನ ತಂತಿ ಕಂಪಿಸಿದಾಗ ಅದರ ಕೆಳಗಿರುವ ಕಾಂತ ಮತ್ತು ಸುರುಳಿಯಲ್ಲಿ ಸುಮಾರು ಹತ್ತನೆಯ ಒಂದು ವೋಲ್ಟಿನಷ್ಟು ವಿದ್ಯುದೊತ್ತಡ ಹುಟ್ಟುತ್ತದೆ. 12ಎಎಕ್ಸ್7 ಎಂಬ ನಿರ್ವಾತ ನಳಿಕೆ, ರೂಢಿಯ ಮಾತಿನಲ್ಲಿ ವಾಲ್ವು, ಇದನ್ನು ಹೆಚ್ಚುಕಡಿಮೆ ಐವತ್ತು ಪಟ್ಟು ಹಿಗ್ಗಿಸಬಲ್ಲುದು. ಒಂದು ಹಂತ ದಾಟಿದರೆ 5 ವೋಲ್ಟು. ಎರಡು ದಾಟಿದರೆ 250 ವೋಲ್ಟು. ಮೂರು ದಾಟಿದರೆ 12,500 ವೋಲ್ಟು ಆಗಬೇಕು! ಆದರೆ ವಾಲ್ವಿಗೆ ನಾವು ಒದಗಿಸುವ ಒತ್ತಡವೇ ಕೆಲವು ನೂರು ವೋಲ್ಟು. ತೊಟ್ಟಿಯ ಎತ್ತರಕ್ಕಿಂತ ಮೇಲೆ ನೀರು ನಿಲ್ಲುವುದುಂಟೆ? ಅಲೆಯ ತಲೆಯೂ ಬುಡವೂ ಕತ್ತರಿಸಿಹೋಗುತ್ತವೆ. ದುಂಡಗಿದ್ದ ಅಲೆ ಚೌಕಾಕಾರವನ್ನು ತಾಳುತ್ತದೆ. ಚೌಕದ ಅಲೆಯಲ್ಲಿ ಮೂಲಸ್ವರದ ಜೊತೆಗೆ ಅದರ ಮೂರು, ಐದು, ಏಳು ಪಟ್ಟು ಆವೃತ್ತಿಯ ಸ್ವರಗಳೂ ಸೇರಿರುತ್ತವೆಂದು ಫೂರಿಯೇ ಎಂಬ ಫ್ರೆಂಚ್ ಗಣಿತಜ್ಞನ ವಿಧಾನದಿಂದ ತೋರಿಸಬಹುದು. ಕೊರೆಯುವ ಗುಣಕ್ಕೆ ಕಾರಣ ಇದು. ತಂತಿಯ ಕಂಪನ ಹತ್ತರಲ್ಲಿ ಒಂದು ಪಾಲಿಗೆ ಇಳಿದರೂ ಅಲೆಯ ತಲೆ ಇನ್ನೂ ಕತ್ತರಿಸಲ್ಪಡುತ್ತಲೇ ಇರುವುದರಿಂದ ಹೊರಬರುವ ಸದ್ದು ಕುಗ್ಗುವುದಿಲ್ಲ. ಎಡೆಬಿಡದೆ ನಿಲ್ಲುವ ಗುಣಕ್ಕೆ ಕಾರಣ ಇದು. ನಿಜವಾದ ವರ್ಧಕಗಳಲ್ಲಿ ಹಂತಗಳ ನಡುವೆ ರೋಧಕಗಳನ್ನಿಟ್ಟು ಒತ್ತಡವನ್ನು ಅಲ್ಲಲ್ಲಿ ತಗ್ಗಿಸುತ್ತಾರೆ; ತತ್ತ್ವ ಮಾತ್ರ ಹೇಳಿದಂತೆಯೇ.

ದುರ್ಬಲವಾದುದನ್ನು ಪ್ರಬಲವಾದುದರ ಸಮಕ್ಕೆ ಎತ್ತುವುದೇ ಈ ಯಂತ್ರದ ಸ್ವಭಾವವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ತೊಂದರೆಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟುತ್ತವೆ.

ಹೆಡ್ಡು ಹುಟ್ಟಿದ್ದು ಗಟ್ಟಿಯಾದ ಸದ್ದಿನ ಹಂಬಲದಿಂದ. ಇಂಗ್ಲೆಂಡಿನಲ್ಲಿ ಜಿಮ್ ಮಾರ್ಷಲ್ ಎಂಬಾತ 1962ರಿಂದ ವರ್ಧಕಗಳನ್ನು ಮಾಡತೊಡಗಿ, 1965ರ ಸುಮಾರಿಗೆ 100 ವಾಟಿನ ಹೆಡ್ಡನ್ನೂ ಅದರ ಕೆಳಗೆ ನಾಲ್ಕು ನಾಲ್ಕು ಧ್ವನಿವರ್ಧಕಗಳ ಪೆಟ್ಟಿಗೆಗಳನ್ನೂ ಹೊರತಂದನು. ರ್ಯಾಕಿನ ವಂಶವೃಕ್ಷ ಬೇರೆ. ಅದು ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಟೆಲಿಫೋನು ಕೇಂದ್ರಗಳಲ್ಲಿ ಬೆಳೆದ ಪದ್ಧತಿ. ಮುಖಫಲಕದ ಅಗಲ 19 ಅಂಗುಲ, ಎತ್ತರ ಒಂದೂಮುಕ್ಕಾಲು ಅಂಗುಲದ ಮಡಿಕೆಗಳಲ್ಲಿ. ಯಾವ ಕಾರ್ಖಾನೆಯದಾದರೂ ಯಾವ ಚೌಕಟ್ಟಿಗಾದರೂ ಹೊಂದಬೇಕು. 1983ರಲ್ಲಿ ಮಿಡಿ ಎಂಬ ಸಂಕೇತ ಪದ್ಧತಿ ಬಂದ ಬಳಿಕ, ಕಾಲಿನಿಂದ ಗುಂಡಿ ಒತ್ತಿ ಹಲವು ಯಂತ್ರಗಳನ್ನು ಒಮ್ಮೆಗೇ ಬದಲಿಸುವುದು ಸಾಧ್ಯವಾಗಿ, ಗಿಟಾರು ವಾದಕರೂ ರ್ಯಾಕಿಗೆ ಮನಸೋತರು. ಒಂದೇ ವರ್ಧಕವನ್ನು ಎರಡು ರೂಪದಲ್ಲಿ ಮಾರಿದ ನಿದರ್ಶನಗಳೂ ಇವೆ. ಅಮೆರಿಕದ ಮೀಸಾ ಬೂಗಿ ಕಂಪನಿಯ ಡ್ಯುಯಲ್ ರೆಕ್ಟಿಫಯರ್ ಎಂಬ ಹೆಸರುವಾಸಿಯಾದ ವರ್ಧಕ 1990ರ ದಶಕದಿಂದ ಹೆಡ್ಡಾಗಿಯೂ ಬಂದಿತು, ರ್ಯಾಕಾಗಿಯೂ ಬಂದಿತು. ಯಾವುದರ ನಾದ ಮೇಲು ಎಂಬ ಜಗಳವಂತೂ ಅಂದಿನಿಂದ ನಡೆದೇ ಇದೆ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡ ನುಡಿಸಿದಾಗ ನಾವು ವಿದ್ಯಾರ್ಥಿಗಳಾಗಿದ್ದೆವು. ಅಂದು ಜನಸಾಗರದ ನಡುವೆ ನಿಂತು ಆ ನಾದವನ್ನು ಕೇಳಿದವರಲ್ಲಿ, ಅದು ಮರದ ಪೆಟ್ಟಿಗೆಯಿಂದ ಬಂದಿತೋ ಉಕ್ಕಿನ ಚೌಕಟ್ಟಿನಿಂದ ಬಂದಿತೋ ಎಂದು ಹೇಳಬಲ್ಲವರು ಒಬ್ಬರಾದರೂ ಇದ್ದರೆಂದು ನಮಗೆ ತೋರುವುದಿಲ್ಲ.

ಇದನ್ನು ನಮ್ಮ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿಯೂ ನೋಡಿದೆವು. ರಿಪೇರಿಗಾರರು ತಮಗಾಗಿ ಕಟ್ಟಿಕೊಂಡಿದ್ದ ಹೆಡ್ಡನ್ನೂ ಹುಡುಗನ ರ್ಯಾಕನ್ನೂ ಪರದೆಯ ಹಿಂದಿಟ್ಟು, ಒಂದೇ ಧ್ವನಿವರ್ಧಕಕ್ಕೆ ಸರದಿಯಂತೆ ಜೋಡಿಸಿ ವಿದ್ಯಾರ್ಥಿಗಳಿಗೆ ಕೇಳಿಸಿದೆವು. ಮೊದಮೊದಲು ಎಲ್ಲರೂ ಒಂದನ್ನೇ ಮೆಚ್ಚಿದರು. ವೋಲ್ಟುಮಾಪಕವನ್ನಿಟ್ಟು ನೋಡಿದಾಗ ಅದು ಇನ್ನೊಂದಕ್ಕಿಂತ ಎಳ್ಳಷ್ಟು ಗಟ್ಟಿಯಾಗಿ ನುಡಿಯುತ್ತಿದ್ದುದು ಕಂಡುಬಂತು. ಎರಡನ್ನೂ ಸಮಮಾಡಿದ ಮೇಲೆ ಯಾರಿಗೂ ಗುರುತು ಸಿಗಲಿಲ್ಲ. ಎರಡು ಸದ್ದುಗಳಲ್ಲಿ ತುಸು ಗಟ್ಟಿಯಾದುದನ್ನು ಕಿವಿ ಗಟ್ಟಿಯೆಂದು ತಿಳಿಯದೆ ಇಂಪೆಂದು ತಿಳಿಯುವುದು. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು.

ಒಂದು ಎಚ್ಚರಿಕೆಯ ಮಾತು. ರ್ಯಾಕಿನಲ್ಲಿ ಕೆಲವರು ವಾಲ್ವಿನ ಪೂರ್ವವರ್ಧಕದ ಕೆಳಗೆ ಟ್ರಾನ್ಸಿಸ್ಟರಿನ ಶಕ್ತಿವರ್ಧಕವನ್ನು ಜೋಡಿಸುತ್ತಾರೆ. ಆಗ ನಾದ ಬದಲಾಗುವುದು ನಿಜ. ಎಂಟು ಓಮೆಂದು ಬರೆದಿರುವ ಧ್ವನಿವರ್ಧಕದ ಪ್ರತಿರೋಧ ಎಲ್ಲ ಸ್ವರಗಳಿಗೂ ಎಂಟೇ ಆಗಿರುವುದಿಲ್ಲ. ತನ್ನ ಅನುರಣನದ ತಗ್ಗು ಸ್ವರದಲ್ಲಿ ಹಲವು ಪಟ್ಟು ಏರುತ್ತದೆ, ಮೇಲು ಸ್ವರಗಳಲ್ಲಿಯೂ ಏರುತ್ತದೆ. ವಾಲ್ವಿನ ಶಕ್ತಿವರ್ಧಕ ಈ ಏರಿಳಿತಕ್ಕೆ ಮಣಿದು ಅಲ್ಲಲ್ಲಿ ಹೆಚ್ಚು ಒತ್ತಡ ಕೊಡುತ್ತದೆ. ಟ್ರಾನ್ಸಿಸ್ಟರಿನದು ಸಾಮಾನ್ಯವಾಗಿ ಮಣಿಯದು. ಆದುದರಿಂದ ಒಂದರಲ್ಲಿ ಗುಡುಗೂ ಮೊನಚೂ ಹೆಚ್ಚು. ಇದು ಶಕ್ತಿವರ್ಧಕದ ಗುಣವೇ ಹೊರತು ಚೌಕಟ್ಟಿನ ಗುಣವಲ್ಲ.

ಹೀಗೆ ಕಿವಿಯ ಮಟ್ಟಿಗೆ ನಮ್ಮ ಉತ್ತರ ಸರಿಯಾಗಿಯೇ ಇತ್ತು. ಆದರೆ ವರ್ಧಕವೆಂಬುದು ಕಾಗದದ ಮೇಲಿನ ನಕ್ಷೆಯಲ್ಲ, ಜಾಗವನ್ನು ಆಕ್ರಮಿಸುವ ವಸ್ತು. ನಕ್ಷೆಯಲ್ಲಿ ಉದ್ದಗಲಗಳನ್ನು ಬರೆಯುವುದಿಲ್ಲ.

ರ್ಯಾಕು ಮನೆಗೆ ಬಂದ ವಾರದಲ್ಲಿಯೇ ಹುಡುಗ ಗೊಣಗಾಟದ ದೂರು ತಂದ. ಕೈಯನ್ನು ತಂತಿಯಿಂದ ತೆಗೆದೊಡನೆ ದುಂಬಿಯಂತಹ ಝೇಂಕಾರ. ಇದರ ಒಂದು ಕಾರಣ ಸುಲಭವಾಗಿ ತಿಳಿಯಿತು. ವರ್ಧಕದ ವಿದ್ಯುತ್ ಪರಿವರ್ತಕ, ಅಂದರೆ ಟ್ರಾನ್ಸ್‌ಫಾರ್ಮರು, ತನ್ನ ಸುತ್ತ ಕಾಂತಕ್ಷೇತ್ರವನ್ನು ಚೆಲ್ಲುತ್ತದೆ. ಈ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಇಳಿಯುವುದರಿಂದ 18 ಅಂಗುಲ ದೂರದಲ್ಲಿದ್ದುದನ್ನು 9 ಅಂಗುಲಕ್ಕೆ ತಂದರೆ ಅದರ ಪ್ರಭಾವ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಎರಡಡಿಗೂ ಮಿಕ್ಕಿದ ಉದ್ದದ ಹೆಡ್ಡಿನಲ್ಲಿ ಪರಿವರ್ತಕವನ್ನು ಒಂದು ತುದಿಗೂ ಮೊದಲ ವಾಲ್ವನ್ನು ಇನ್ನೊಂದು ತುದಿಗೂ ಇಡಬಹುದು. ರ್ಯಾಕಿನ ಚೌಕಟ್ಟಿನ ಒಳಗೆ ಉಳಿಯುವ ಅಗಲ ಸುಮಾರು 17 ಅಂಗುಲ ಮಾತ್ರ. ಅದೂ ಸಾಲದೆಂಬಂತೆ, ಕೆಳಗಿನ ಅಂತಸ್ತಿನಲ್ಲಿ ಇನ್ನೊಂದು ಯಂತ್ರ ತನ್ನ ಪರಿವರ್ತಕದೊಡನೆ ಕುಳಿತು ಮೇಲಿನ ವಾಲ್ವಿನ ಅಡಿಯಲ್ಲಿಯೇ ಗುನುಗುತ್ತಿರುತ್ತದೆ. ಒಂದು ವೋಲ್ಟಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಝೇಂಕಾರ ಒಳಹೊಕ್ಕರೂ ಈ ಬಗೆಯ ವರ್ಧಕ ಅದನ್ನು ಎತ್ತಿ ಹಿಡಿಯುವುದು.

ಯಂತ್ರಗಳನ್ನು ಮೇಲೆ ಕೆಳಗೆ ಸರಿಸಿದಾಗ ಝೇಂಕಾರ ಅರ್ಧ ತಗ್ಗಿತು. ಉಳಿದರ್ಧದ ಕಾರಣ ಬೇರೆ. ಹುಡುಗನ ರ್ಯಾಕಿನಲ್ಲಿ ವರ್ಧಕ, ಪ್ರತಿಧ್ವನಿಯ ಯಂತ್ರ, ಸ್ವರವನ್ನು ತಿದ್ದುವ ಯಂತ್ರ ಎಂದು ಮೂರು ಘಟಕಗಳಿದ್ದವು. ಪ್ರತಿಯೊಂದಕ್ಕೂ ಮೂರು ಕಾಲಿನ ಪ್ಲಗ್ಗು. ಅದರ ದಪ್ಪ ಕಾಲಿನ ಮೂಲಕ ಭೂಸಂಪರ್ಕ. ಈ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ತಂತಿಯ ಹೊರಜಾಲರಿಯೂ ಅವುಗಳ ಲೋಹದ ಮೈಗಳನ್ನು ಬೆಸೆಯುತ್ತದೆ. ಹೀಗೆ ಭೂಮಿಯ ತಂತಿ ಒಂದು ಕಡೆಯಿಂದ, ಜಾಲರಿ ಇನ್ನೊಂದು ಕಡೆಯಿಂದ ಸೇರಿ ಒಂದು ಕುಣಿಕೆಯಾಗುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿರುವ ಕುಣಿಕೆಯಲ್ಲಿ ವಿದ್ಯುತ್ತು ಹರಿಯುವುದೆಂದು ಫ್ಯಾರಡೆ 1831ರಲ್ಲಿಯೇ ತೋರಿಸಿದನಷ್ಟೆ. ಜಾಲರಿಯಲ್ಲಿ ಹರಿದ ಈ 50 ಹರ್ಟ್ಸಿನ ಪ್ರವಾಹ ಸ್ವರದೊಡನೆ ಬೆರೆಯುತ್ತದೆ. ಹೆಡ್ಡಿಗಾದರೋ ಒಂದೇ ಪ್ಲಗ್ಗು, ಒಂದೇ ಮೈ. ಗಿಟಾರನ್ನು ನೇರವಾಗಿ ಜೋಡಿಸಿದರೆ ಕುಣಿಕೆಯೇ ಏರ್ಪಡದು.

ಇದನ್ನೆಲ್ಲ ವಿವರಿಸಲು ಅಂದು ನಮಗೆ ವ್ಯವಧಾನವಿರಲಿಲ್ಲ. ತರಗತಿಗೆ ಹೋಗುವ ಅವಸರದಲ್ಲಿ, "ಭೂಸಂಪರ್ಕಕ್ಕೆ ಎರಡು ದಾರಿಗಳಾಗಿವೆ, ಒಂದನ್ನು ತೆಗೆ" ಎಂದೆವು. ಜಾಲರಿಯ ದಾರಿಯನ್ನು ಒಂದು ತುದಿಯಲ್ಲಿ ಬಿಡಿಸಬೇಕೆಂಬುದು ನಮ್ಮ ಅಭಿಪ್ರಾಯವಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಹುಡುಗ ಒಂದು ಪ್ಲಗ್ಗಿನ ದಪ್ಪ ಕಾಲಿನಲ್ಲಿದ್ದ ತಂತಿಯನ್ನು ಬಿಚ್ಚಿದ. ಝೇಂಕಾರ ತಗ್ಗಿತು. ಉತ್ಸಾಹಗೊಂಡು ಉಳಿದೆರಡನ್ನೂ ಬಿಚ್ಚಿದ. ಈಗ ಇಡೀ ಚೌಕಟ್ಟಿಗೆ ಭೂಸಂಪರ್ಕವೇ ಇಲ್ಲ. ನಾದ ಮಾತ್ರ ಸೊಗಸಾಗಿತ್ತು!

ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗಣಪತಿ ವಿಸರ್ಜನೆಯ ಹಿಂದಿನ ಸಂಜೆ. ಜಿನುಗುಮಳೆ ಬಂದು ಹೋಗಿತ್ತು. ವೇದಿಕೆಯ ಹಲಗೆ ಒದ್ದೆ. ತೇವದಿಂದಲೋ ಹಳೆಯ ಪರಿವರ್ತಕದ ಹೊದಿಕೆ ಸವೆದುದರಿಂದಲೋ ವರ್ಧಕದ ಮೈಗೆ ವಿದ್ಯುತ್ತು ಸೋರುತ್ತಿತ್ತು. ಗಿಟಾರಿನ ಉಕ್ಕಿನ ತಂತಿಗಳು ವರ್ಧಕದ ಮೈಗೆ ಕೂಡಿಕೊಂಡಿರುತ್ತವೆ. ಹಾಡುವ ಮೈಕಾದರೋ ಬೇರೊಂದು ಯಂತ್ರಕ್ಕೆ ಸೇರಿದುದು, ಅದಕ್ಕೆ ಭೂಸಂಪರ್ಕ ಸರಿಯಾಗಿತ್ತು. ಎಡಗೈ ತಂತಿಯ ಮೇಲಿದ್ದಂತೆಯೇ ಹುಡುಗನ ತುಟಿ ಮೈಕಿಗೆ ತಗಲಿತು. ಅವನು ಗಿಟಾರಿನೊಡನೆ ಹಿಂದಕ್ಕೆ ಬಿದ್ದ. ತಬಲದವನು ಎದ್ದು ಪ್ಲಗ್ಗನ್ನು ಕಿತ್ತದ್ದರಿಂದ ಪ್ರಾಣ ಉಳಿಯಿತು. ಬೆರಳುಗಳ ಸುಟ್ಟ ಗಾಯ ಮಾಯಲು ಬಹಳ ದಿನ ಹಿಡಿಯಿತು.

ಒದ್ದೆಯಾದ ದೇಹದ ರೋಧವನ್ನು 1,000 ಓಮೆಂದು ಎಣಿಸಿದರೆ 230 ವೋಲ್ಟಿಗೆ ಹರಿಯಬಹುದಾದ ಪ್ರವಾಹ 230 ಮಿಲಿಆಂಪಿಯರು. ಇದರಲ್ಲಿ ಹತ್ತಿರಹತ್ತಿರ ಎಂಟನೆಯ ಒಂದು ಪಾಲು, 30 ಮಿಲಿಆಂಪಿಯರು ಸೋರಿದೊಡನೆ ವಿದ್ಯುತ್ತನ್ನು ಕತ್ತರಿಸುವಂತೆ ಮನೆಯ ರಕ್ಷಕ ಸ್ವಿಚ್ಚುಗಳನ್ನು ಮಾಡಿರುತ್ತಾರೆ. ಅದಕ್ಕೆ ಮಿಕ್ಕಿದುದು ಎದೆಯನ್ನು ಹಾಯ್ದರೆ ಗುಂಡಿಗೆ ಲಯ ತಪ್ಪಬಹುದು. ಕೈಯಿಂದ ತುಟಿಗೆ ಹೋಗುವ ದಾರಿ ಎದೆಯ ಮೇಲೆಯೇ. ಸ್ಟೋನ್ ದಿ ಕ್ರೋಸ್ ಎಂಬ ಸ್ಕಾಟ್ಲೆಂಡಿನ ತಂಡದ ಗಿಟಾರು ವಾದಕ ಲೆಸ್ ಹಾರ್ವೆ 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿ ಪಟ್ಟಣದಲ್ಲಿ, ವೇದಿಕೆಯ ಮೇಲೆ, ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ಹೀಗೆಯೇ ಸತ್ತನು. ಇದು ಭೌತಶಾಸ್ತ್ರ ಕಲಿಸುವ ನಮಗೆ ತಿಳಿಯದ ಸಂಗತಿಯಲ್ಲ. ಆಸ್ಪತ್ರೆಯಲ್ಲಿ ಹುಡುಗನ ತಂದೆ ಕೈಮುಗಿದು, "ನೀವು ಹೇಳಿದಂತೆಯೇ ಮಾಡಿದ್ದನಂತೆ ಸ್ವಾಮಿ" ಎಂದಾಗ ಉತ್ತರ ಕೊಡಲು ನಮಗೆ ಮಾತು ಬರಲಿಲ್ಲ.

ರ್ಯಾಕನ್ನು ಇಟ್ಟುಕೊಂಡವರು ಮಾಡಬೇಕಾದುದು ಇಷ್ಟು. ಎಲ್ಲ ಘಟಕಗಳಿಗೂ ಒಂದೇ ಹಲಗೆಯಿಂದ ವಿದ್ಯುತ್ತು ಕೊಡಬೇಕು. ಸಾಧ್ಯವಾದರೆ ಮೈಕಿನ ಯಂತ್ರಕ್ಕೂ ಅದರಿಂದಲೇ. ಆ ಹಲಗೆಗೆ 30 ಮಿಲಿಆಂಪಿಯರಿನ ರಕ್ಷಕ ಸ್ವಿಚ್ಚನ್ನು ಹಾಕಿಸಬೇಕು. ಝೇಂಕಾರ ಉಳಿದರೆ ಘಟಕಗಳ ನಡುವಣ ಸ್ವರತಂತಿಯ ಜಾಲರಿಯನ್ನು ಒಂದು ತುದಿಯಲ್ಲಿ ಬಿಡಿಸಬೇಕು, ಇಲ್ಲವೆ ನಡುವೆ ಚಿಕ್ಕದೊಂದು ಪರಿವರ್ತಕವನ್ನಿಟ್ಟು ಸ್ವರವನ್ನು ಮಾತ್ರ ದಾಟಿಸಬೇಕು. ಪ್ಲಗ್ಗಿನ ದಪ್ಪ ಕಾಲನ್ನು ಮುಟ್ಟಲೇ ಕೂಡದು.

ಇನ್ನು ಶಾಖದ ವಿಚಾರ. ನಾಲ್ಕು 6ಎಲ್6 ಶಕ್ತಿವಾಲ್ವುಗಳೂ ಐದು 12ಎಎಕ್ಸ್7 ಚಿಕ್ಕ ವಾಲ್ವುಗಳೂ ಇರುವ 100 ವಾಟಿನ ವರ್ಧಕದಲ್ಲಿ ಒಳಗಿನ ಕಾಯುವ ಎಳೆಗಳೇ 32 ವಾಟಿನಷ್ಟನ್ನು ನುಂಗುತ್ತವೆ. ಶಕ್ತಿವಾಲ್ವುಗಳು ಸುಮ್ಮನಿರುವಾಗ ತಲಾ 15 ವಾಟು ಉರಿಸುವುವೆಂದು ಹಿಡಿದರೂ ಒಂದು ಸ್ವರ ನುಡಿಯುವ ಮುಂಚೆಯೇ 90 ವಾಟಿನ ಒಲೆ ಹೊತ್ತಿದಂತಾಯಿತು. ಹೆಡ್ಡಿನ ಹಿಂಬದಿಯಲ್ಲಿ ಗಾಳಿ ಬಿಸಿಯಾಗಿ ತಾನಾಗಿ ಮೇಲೇರುವುದಕ್ಕೆ ಎಡೆಯಿರುತ್ತದೆ. ರ್ಯಾಕಿನಲ್ಲಿ ನಾಲ್ಕು ಅಂಗುಲದ ವಾಲ್ವನ್ನು ನಿಲ್ಲಿಸಲು ಎತ್ತರ ಸಾಲದೆ ಅಡ್ಡಡ್ಡ ಮಲಗಿಸುವುದುಂಟು; ತಲೆಯ ಮೇಲೆ ಇನ್ನೊಂದು ಯಂತ್ರ. ಆದುದರಿಂದ ಬೀಸಣಿಗೆ ಬೇಕು. ಲಂಡನ್ನಿನಲ್ಲಿ ಬೀಸಣಿಗೆ ಗಾಳಿಯನ್ನು ಎಳೆಯುತ್ತದೆ. ನಮ್ಮ ಕಡೆ ನಾರಿನ ಕಾರ್ಖಾನೆಯ ದೂಳನ್ನೂ ಎಳೆಯುತ್ತದೆ. ತೆಂಗಿನ ಸಿಪ್ಪೆಯ ಈ ಕಂದು ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿಕೊಳ್ಳಬಲ್ಲುದು; ತೋಟಗಾರರಿಗೆ ಇದು ವರ. ಇದೇ ಪುಡಿ 450 ವೋಲ್ಟಿನ ವಾಲ್ವುಪೀಠದ ಕಾಲುಗಳ ನಡುವೆ ಕುಳಿತು ಮಳೆಗಾಲದ ತೇವವನ್ನು ಹೀರಿದರೆ ವಿದ್ಯುತ್ತು ಅದರ ಮೇಲೆಯೇ ಹರಿದು, ಕಿಡಿ ಹಾರಿ, ಪೀಠ ಇದ್ದಿಲಾಗುತ್ತದೆ. ಹುಡುಗನ ರ್ಯಾಕನ್ನು ಬಿಚ್ಚಿದಾಗ ಒಳಗೆ ಕಂಡದ್ದು ಕಾಲಂಗುಲ ದಪ್ಪದ ಕಂದು ಹಾಸಿಗೆ.

ವಿದ್ಯುದೊತ್ತಡದ ವಿಚಾರದಲ್ಲಿ ಒಂದು ವಿನೋದವಿದೆ. ತೋಟಗಳ ಕೊಳವೆಬಾವಿ ಮೋಟಾರುಗಳು ಒಮ್ಮೆಗೇ ಓಡತೊಡಗಿದರೆ 230 ವೋಲ್ಟು ಇರಬೇಕಾದುದು 180ಕ್ಕೆ ಇಳಿಯಬಹುದು. ಆಗ ವರ್ಧಕದ ಶಕ್ತಿ ವರ್ಗದ ನಿಯಮದಂತೆ ಸುಮಾರು ನೂರಕ್ಕೆ 61ಕ್ಕೆ ಕುಸಿಯುತ್ತದೆ. ಕೇಳಿದರೆ ಗಾಬರಿಯಾಗುವುದು, ಆದರೆ ಕಿವಿಗೆ ಇದು ಬರಿಯ ಎರಡು ಡೆಸಿಬೆಲ್ಲಿನ ವ್ಯತ್ಯಾಸ, ಗಮನಕ್ಕೆ ಬಂದರೆ ಹೆಚ್ಚು. ನಾದವಂತೂ ಮೆತ್ತಗಾಗಿ ಕೆಲವರಿಗೆ ಹಿತವೆನಿಸುತ್ತದೆ. ಎಡ್ಡಿ ವ್ಯಾನ್ ಹೇಲನ್ ತನ್ನ ಮಾರ್ಷಲ್ ಹೆಡ್ಡಿಗೆ ಬೇಕೆಂದೇ ಒತ್ತಡವನ್ನು ಇಳಿಸಿಕೊಡುತ್ತಿದ್ದನು. ಮೇಲೆ ಹೇಳಿದ ಡ್ಯುಯಲ್ ರೆಕ್ಟಿಫಯರಿನಲ್ಲಿ ಅದಕ್ಕಾಗಿಯೇ ಒಂದು ಸ್ವಿಚ್ಚನ್ನು ಇಟ್ಟಿದ್ದಾರೆ. ಅವರು ಹಣ ಕೊಟ್ಟು ಪಡೆದ ಸೌಕರ್ಯ ನಮ್ಮ ಹಳ್ಳಿಗಳಿಗೆ ಪುಕ್ಕಟೆಯಾಗಿ ದೊರೆಯುತ್ತಿದೆ! ಆದರೆ 6.3 ವೋಲ್ಟಿನಲ್ಲಿ ಕಾಯಬೇಕಾದ ಎಳೆಗಳು 5 ವೋಲ್ಟಿಗಿಂತ ಕೆಳಗಿಳಿದು ಬಹಳ ಹೊತ್ತು ನಡೆದರೆ ವಾಲ್ವಿನ ಆಯುಷ್ಯ ಸವೆಯುವುದು. ರ್ಯಾಕಿನ ಡಿಜಿಟಲ್ ಘಟಕಗಳ ಪಾಡು ಬೇರೆ. ಹಳೆಯ ಬಗೆಯವುಗಳಲ್ಲಿ 9 ವೋಲ್ಟನ್ನು ಸ್ಥಿರವಾದ 5 ವೋಲ್ಟಿಗೆ ಇಳಿಸುವ ಬಿಡಿಭಾಗಕ್ಕೆ ಮೇಲೆ ಎರಡು ವೋಲ್ಟಾದರೂ ಮಿಗತೆ ಬೇಕು. 180 ವೋಲ್ಟಿನಲ್ಲಿ 9 ಎಂಬುದು 7 ಆಗುತ್ತದೆ. ಇನ್ನು ತುಸು ಇಳಿದರೆ ಯಂತ್ರ ಮೆತ್ತಗಾಗುವುದಿಲ್ಲ, ಪದ್ಯದ ನಡುವೆ ತಟ್ಟನೆ ಕಣ್ಣುಮುಚ್ಚುತ್ತದೆ. 100ರಿಂದ 240 ವೋಲ್ಟಿನವರೆಗೆ ನಡೆಯುವಂತೆ ಮಾಡಿದ ಈಚಿನ ಘಟಕಗಳಿಗೆ ಈ ದೋಷವಿಲ್ಲ. ಕೊಳ್ಳುವ ಮುಂಚೆ ಹಿಂಬದಿಯ ಬರಹವನ್ನು ಓದಬೇಕು.

ಸಾಗಣೆಯಲ್ಲಿ ರ್ಯಾಕು ಗಟ್ಟಿಯೆಂಬ ನಂಬಿಕೆಯನ್ನೂ ಲೆಕ್ಕ ಹಾಕಿ ನೋಡಬೇಕು. ಘಟಕದ ಭಾರವೆಲ್ಲ ಮುಖಫಲಕದ ನಾಲ್ಕು ತಿರುಪುಗಳ ಮೇಲೆ. 20 ಕಿಲೋಗ್ರಾಮಿನ ವರ್ಧಕದ ಗುರುತ್ವಕೇಂದ್ರ ಫಲಕದಿಂದ 20 ಸೆಂಟಿಮೀಟರು ಹಿಂದಿದ್ದು, ಮೇಲಿನ ಕೆಳಗಿನ ತಿರುಪುಗಳ ಅಂತರ 10 ಸೆಂಟಿಮೀಟರಾದರೆ ಮೇಲಿನ ಜೋಡಿಯನ್ನು 40 ಕಿಲೋಗ್ರಾಮು ಭಾರ ಸದಾ ಎಳೆಯುತ್ತಿರುತ್ತದೆ. ಹಳ್ಳಕ್ಕೆ ಚಕ್ರ ಇಳಿದಾಗ ಇದು ಮೂರು ಪಟ್ಟಾದರೆ ತಗಡು ಬಾಗದೆ ಇದ್ದೀತೆ? ಹಿಂದುಗಡೆಯೂ ಆಸರೆ ಕೊಟ್ಟ ಚೌಕಟ್ಟು ಮಾತ್ರ ಬಾಳುವುದು.

ಹುಡುಗ ಗುಣಮುಖನಾದ ಮೇಲೆ, ಹೊಸದನ್ನು ಕೊಳ್ಳುವ ಮಾತಿರಲಿಲ್ಲವಾದ್ದರಿಂದ, ಅದೇ ರಿಪೇರಿಗಾರರು ಪರಿವರ್ತಕವನ್ನು ಬದಲಿಸಿ, ರ್ಯಾಕಿನೊಳಗಿನ ಬಿಡಿಭಾಗಗಳನ್ನು ಉದ್ದನೆಯ ಹೊಸ ತಗಡಿಗೆ ಸಾಗಿಸಿ, ಹಲಸಿನ ಹಲಗೆಯ ಪೆಟ್ಟಿಗೆಯಲ್ಲಿ ಕೂರಿಸಿಕೊಟ್ಟರು. ವೆಚ್ಚವನ್ನು ನಾವು ಹೊತ್ತೆವು. ಭೂಸಂಪರ್ಕದ ರೋಧವನ್ನು ನಾವೇ ಅಳೆದು ನೋಡಿದೆವು. ವಾಲ್ವುಗಳು ಈಗ ನೆಟ್ಟಗೆ ನಿಂತಿವೆ, ಬೀಸಣಿಗೆ ಇಲ್ಲ. ಪೆಟ್ಟಿಗೆಯನ್ನು ಟೆಂಪೋದಲ್ಲಿ ಸಾಗಿಸುವಾಗ ಅಡಿಯಲ್ಲಿ ರಬ್ಬರು ಬೆರೆಸಿದ ತೆಂಗಿನ ನಾರಿನ ಹಾಸನ್ನು ಹಾಕುತ್ತಾರೆ. ಭಾರಕ್ಕೆ ಅದು ಒಂದು ಸೆಂಟಿಮೀಟರು ತಗ್ಗುವುದರಿಂದ ಅದರ ಸಹಜ ಆವೃತ್ತಿ ಸೆಕೆಂಡಿಗೆ ಐದು. ಏಳಕ್ಕಿಂತ ಹೆಚ್ಚಿನ ಅದುರಾಟವೆಲ್ಲ ಮೇಲೆ ಮುಟ್ಟುವಷ್ಟರಲ್ಲಿ ಕುಗ್ಗತೊಡಗುತ್ತದೆ. ಲೆಕ್ಕವನ್ನು ಈ ಸಲ ಹುಡುಗನೇ ಮಾಡಿದ. ಹಾಸು ಅವನ ಊರಿನ ಪಕ್ಕದ ಕಾರ್ಖಾನೆಯದು.